ಸೊನ್ನೆಗೆ ಇಳಿದ ಗೆರೆ

ಸುಂಕದ ಮೇಜು

ಹುಲಿಗೆಮ್ಮನ ಕೈಚೀಲದಿಂದ ಬಂದ ಸ್ಟೀಲ್ ಡಬ್ಬಿಯ ಮುಚ್ಚಳವನ್ನು ಫಿನ್ಲೆಂಡಿನ ಸುಂಕದ ಅಧಿಕಾರಿ ತೆರೆದಾಗ ಒಳಗೆ ಅಕ್ಕಿ ಇತ್ತು. ಸಿರುಗುಪ್ಪದ ಸೋನಾಮಸೂರಿ. ಆತ ಕೈಗವಸು ಹಾಕಿದ ಬೆರಳನ್ನು ಅಕ್ಕಿಯೊಳಗೆ ಇಳಿಸಿದ. ಏನೋ ತಾಗಿತು. ಹೊರಗೆ ತೆಗೆದರೆ ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ. ಅದರೊಳಗೆ ಉಗುರಗಲದ ಹೊಳೆಯುವ ಚೂರು, ಚೂರಿಗೆ ಅಂಟಿಕೊಂಡ ಕೂದಲೆಳೆಯಂಥ ನಾಲ್ಕು ತಂತಿ.

ಆ ಚೂರನ್ನು ತರುತ್ತಾಳೆಂದು ಗೊತ್ತಿತ್ತು. ಅಕ್ಕಿಯಲ್ಲಿ ಹೂತು ತರುತ್ತಾಳೆಂದು ಗೊತ್ತಿರಲಿಲ್ಲ.

"ಅಕ್ಕಿಯಾಗ ಯಾಕ ಇಟ್ಟಿ?" ಎಂದು ಪಿಸುಗುಟ್ಟಿದೆ.

"ಮತ್ತೆಲ್ಲಿ ಇಡಬೇಕಿತ್ರಿ ಸರ್? ಹನ್ನೊಂದು ವರ್ಷದಿಂದ ಅಕ್ಕಿಯಾಗ ಐತಿ. ಅಕ್ಕಿ ತೇವ ಹೀರ್ತೈತಿ. ನೀವು ಕೊಟ್ಟ ಸಿಲಿಕಾ ಜೆಲ್ ಪೊಟ್ಟಣ ಒಂದ ಮಳಿಗಾಲಕ್ಕ ಸತ್ತುಹೋತು."

ನಮ್ಮನ್ನು ಒಂದು ಪುಟ್ಟ ಕೋಣೆಗೆ ಕರೆದೊಯ್ದರು. ಅಲ್ಲಿ ನನಗಾದ ಮೊದಲ ಅಚ್ಚರಿ ಎಂದರೆ ಅಧಿಕಾರಿ ಪ್ರಶ್ನೆ ಕೇಳುವ ಮೊದಲು ಕಾಫಿ ಕೊಟ್ಟ. ನಮ್ಮ ಕಡೆ ಕಚೇರಿಯಲ್ಲಿ ಕಾಫಿ ಬಂದರೆ ಕೆಲಸ ಆದಂತೆ. ಇಲ್ಲಿ ಕಾಫಿ ಬಂದದ್ದು ವಿಚಾರಣೆ ಶುರುವಾಗಲಿ ಎಂದು. ಕಪ್ಪು ಕಾಫಿ, ಸಕ್ಕರೆ ಇಲ್ಲ, ಪಕ್ಕದಲ್ಲಿ ಒಂದಿಷ್ಟು ಹಾಲು, ಒಂದು ಚಮಚ.

ನಾನು ಇಂಗ್ಲಿಷಿನಲ್ಲಿ ಉಪನ್ಯಾಸ ಶುರುಮಾಡಿದೆ. ಇದು ಅತಿವಾಹಕದ ತೆಳುಪದರ. ಕೆಲವೇ ಅಣುಗಳಷ್ಟು ದಪ್ಪ. ಆದ್ದರಿಂದ ಇದಕ್ಕೆ ಉದ್ದ ಅಗಲ ಮಾತ್ರ ಇವೆ, ಎತ್ತರ ಇಲ್ಲ ಎಂದೇ ಲೆಕ್ಕ. ಬಹಳ ತಣ್ಣಗಾದಾಗ ವಿದ್ಯುತ್ತು ಇದರಲ್ಲಿ ಯಾವ ತಡೆಯೂ ಇಲ್ಲದೆ ಹರಿಯುತ್ತದೆ. ಅಧಿಕಾರಿ ತಲೆ ಆಡಿಸಲಿಲ್ಲ, ಅಲ್ಲಗಳೆಯಲೂ ಇಲ್ಲ. ಆ ದೇಶದಲ್ಲಿ ಕೇಳುವವರ ಮುಖ ಹಾಗೇ ಇರುತ್ತದೆ ಎಂದು ಆಮೇಲೆ ತಿಳಿಯಿತು. ನಾನು ಮಾತ್ರ ಜೈಲಿನ ಗೋಡೆ ಹೇಗಿರಬಹುದೆಂದು ಯೋಚಿಸತೊಡಗಿದ್ದೆ.

ಹುಲಿಗೆಮ್ಮ ತನ್ನ ಕಪ್ಪಿಗೆ ಹಾಲು ಸುರಿದಳು. ಚಮಚವನ್ನು ಅರ್ಧ ಮುಳುಗಿಸಿ, ಮೆಲ್ಲಗೆ ಒಮ್ಮೆ ಎಳೆದು, ಎತ್ತಿದಳು. ಚಮಚದ ಹಿಂದೆ ಎರಡು ಪುಟ್ಟ ಸುಳಿ ಹುಟ್ಟಿದವು. ಒಂದು ಎಡಕ್ಕೆ ತಿರುಗುತ್ತಿತ್ತು, ಇನ್ನೊಂದು ಬಲಕ್ಕೆ. ಎರಡೂ ಜೊತೆಯಾಗಿ ಕಪ್ಪಿನ ಅಂಚಿನವರೆಗೆ ತೇಲಿದವು.

"ಜೊತೆಯಲ್ಲಿದ್ದರೆ ಇವು ವಿದ್ಯುತ್ತಿಗೆ ಅಡ್ಡ ಬರುವುದಿಲ್ಲ" ಎಂದು ಅವಳು ತನ್ನ ನಿಧಾನದ ಇಂಗ್ಲಿಷಿನಲ್ಲಿ ಹೇಳಿದಳು. "ಬಿಸಿಯಾದರೆ ಜೋಡಿ ಮುರಿಯುತ್ತದೆ. ಒಂಟಿ ಸುಳಿಗಳು ಅಲೆಯುತ್ತವೆ. ಆಗ ತಡೆ ಹುಟ್ಟುತ್ತದೆ. ನಾವು ನೋಡಲು ಬಂದಿರುವುದು ಅಷ್ಟೇ."

ಅಧಿಕಾರಿ ತನ್ನ ಕಪ್ಪಿನಲ್ಲಿ ಚಮಚ ಎಳೆದು ನೋಡಿದ. ಎರಡು ಸಲ. ನಾವು ಹೋಗಬೇಕಿದ್ದ ಪ್ರಯೋಗಾಲಯಕ್ಕೆ ಫೋನು ಮಾಡಿ ಎರಡು ಮಾತಾಡಿದ. ಆಮೇಲೆ ಪೆಟ್ಟಿಗೆಯನ್ನು ತಾನೇ ಮತ್ತೆ ಅಕ್ಕಿಯಲ್ಲಿ ಹೂತು, ಮುಚ್ಚಳ ಹಾಕಿ ಕೊಟ್ಟ.

"ಇದನ್ನ ನಾನೇ ನಿನಗ ಹೇಳಿಕೊಟ್ಟಿದ್ದೆ ಅಲ್ಲ?" ಎಂದೆ ಹೊರಗೆ ಬರುತ್ತ.

"ಇಲ್ರಿ ಸರ್. ನಾನು ನಿಮಗ ತೋರಿಸಿದ್ದು. ಸಿರುಗುಪ್ಪದ ಹೊಳಿದಂಡ್ಯಾಗ ಸಣ್ಣಾಕಿದ್ದಾಗ ಕೋಲು ಎಳೆದು ಆಡ್ತಿದ್ವಿ."

ನಾನೇ ಹೇಳಿಕೊಟ್ಟದ್ದು ನನಗೆ ಚೆನ್ನಾಗಿ ನೆನಪಿತ್ತು.

ಬಳ್ಳಾರಿಯ ಗಾಂಧಿನಗರ, ಹೊರಡುವ ಮೊದಲು

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹನ್ನೊಂದು ವರ್ಷದ ಹಿಂದೆ ಬಳ್ಳಾರಿಯ ಹೊರಗೆ, ಎರೆಮಣ್ಣಿನ ಬಯಲಿನಲ್ಲಿ ನಮ್ಮದೊಂದು ಸಣ್ಣ ಪ್ರಯೋಗಾಲಯ ಇತ್ತು. ಕಂಪ್ರೆಸರಿನಿಂದ ತಣ್ಣಗಾಗುವ ಒಂದು ಯಂತ್ರ, ನಾನು, ನನ್ನ ಸಂಶೋಧನಾ ವಿದ್ಯಾರ್ಥಿನಿ ಹುಲಿಗೆಮ್ಮ. ಅವಳ ಅಪ್ಪ ಸಿರುಗುಪ್ಪದಲ್ಲಿ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುವವರು. ಅವಳ ಕೈಯೂ ಅಷ್ಟೇ ಸ್ಥಿರ. ಆ ತೆಳುಪದರವನ್ನು ಮಾಡಿಕೊಟ್ಟದ್ದು ಫಿನ್ಲೆಂಡಿನ ಪ್ರಯೋಗಾಲಯ. ಅದಕ್ಕೆ ಬೆಳ್ಳಿ ಅಂಟಿನಿಂದ ನಾಲ್ಕು ತಂತಿ ಕೂಡಿಸಿದ್ದು ಹುಲಿಗೆಮ್ಮ. ಅಳತೆ ಓದಿದ್ದು ನಾನು.

ಇಂಥ ಪದರವನ್ನು ತಣ್ಣಗೆ ಮಾಡುತ್ತ ಹೋದರೆ ಒಂದು ಹಂತದಲ್ಲಿ ಸುಳಿಗಳೆಲ್ಲ ಜೋಡಿಯಾಗಿ ತಡೆ ಸೊನ್ನೆಗೆ ಇಳಿಯಬೇಕು. ಪದರ ತೀರ ತೆಳುವಾಗಿದ್ದರೆ ಅದು ತದ್ವಿರುದ್ಧವಾಗಿ ವಿದ್ಯುತ್ತನ್ನೇ ಬಿಡದೆ ನಿಲ್ಲಬೇಕು. ನಮ್ಮ ಪದರ ಎರಡನ್ನೂ ಮಾಡಲಿಲ್ಲ. ತಡೆ ಇಳಿಯುತ್ತ ಬಂದು, ಸೊನ್ನೆ ಮುಟ್ಟುವ ಮೊದಲು ನಿಂತುಬಿಟ್ಟಿತು. ಗೆರೆ ಹೊಲದ ಬದುವಿನಂತೆ ಮಟ್ಟಸ. ಎಷ್ಟು ತಣ್ಣಗೆ ಮಾಡಿದರೂ ಅಲ್ಲೇ. ಇದು ಹೊಸ ಸ್ಥಿತಿ, ಎರಡರ ನಡುವಿನ ವಿಚಿತ್ರ ಲೋಹ ಎಂದು ನಾನು ಬರೆದೆ. ಅದು ಅಚ್ಚಾಯಿತು. ಹಾರ ತುರಾಯಿಯೂ ಆದವು.

ಆಮೇಲೆ ಬೇರೆಯವರು ಇಂಥದೇ ಪದರ ಅಳೆದರು. ಅವರ ಗೆರೆ ಸೊನ್ನೆಗೆ ಇಳಿಯಿತು. ವಿಶ್ವವಿದ್ಯಾಲಯ ವಿವರಣೆ ಕೇಳಿದಾಗ ನಾನು ಒಂದು ಪತ್ರ ಬರೆದೆ: ವಿದ್ಯಾರ್ಥಿನಿ ಅವಸರದಲ್ಲಿ ಹಾಕಿದ ಬೆಸುಗೆ ಸರಿಯಿರಲಿಲ್ಲ. ಹುಲಿಗೆಮ್ಮನ ಪಿಎಚ್‌ಡಿ ನೋಂದಣಿ ರದ್ದಾಯಿತು. ಅವಳು ಕುರುಗೋಡಿನ ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಪಾಠ ಹೇಳತೊಡಗಿದಳು.

ಅವಸರ ಯಾಕೆ ಎಂದರೆ, ಅವಳ ಅಕ್ಕನ ಮದುವೆ. ಇದು ನನಗೆ ಕಣ್ಣಿಗೆ ಕಟ್ಟಿದಂತೆ ನೆನಪಿದೆ. ಸಂಜೆಯ ಸಿರುಗುಪ್ಪದ ಬಸ್ಸು, ತೆಕ್ಕಲಕೋಟೆಗೆ ಹೋಗುವವರ ನೂಕುನುಗ್ಗಲು, ಕಿಟಕಿಯಲ್ಲಿ ಅವಳು, ಜಡೆಯಲ್ಲಿ ಮಲ್ಲಿಗೆ. "ಅಕ್ಕನ ಲಗ್ನರಿ ಸರ್, ಹದಿನೈದು ದಿನ ಬರಂಗಿಲ್ಲ" ಎಂದದ್ದು ಇವತ್ತಿಗೂ ಕಿವಿಯಲ್ಲಿದೆ.

ಈಗ ಫಿನ್ಲೆಂಡಿನಿಂದ ಐನೋ ಎಂಬಾಕೆಯ ಪತ್ರ ಬಂತು. ಆ ಪ್ರಯೋಗಾಲಯದ ಮುಖ್ಯಸ್ಥೆ. ಹಳೆಯ ಪದರಗಳನ್ನೆಲ್ಲ ಮತ್ತೆ ಅಳೆಯುತ್ತಿದ್ದೇವೆ, ನಿಮ್ಮಿಬ್ಬರ ಹೆಸರೂ ಲೇಖನದಲ್ಲಿದೆ, ಇಬ್ಬರೂ ಬನ್ನಿ ಎಂದು. ಗಾಂಧಿನಗರದ ಮನೆಯಿಂದ ಕುರುಗೋಡಿಗೆ ಫೋನು ಮಾಡಿದೆ. ಆ ಪತ್ರದ ನಂತರ ಅದೇ ಮೊದಲ ಫೋನು.

"ಪದರ ಎಲ್ಲಿ ಹೋಯಿತೋ" ಎಂದೆ.

"ನನ್ನ ಹತ್ರ ಐತ್ರಿ" ಎಂದಳು. "ಬರ್ತೀನಿ ಸರ್. ಆದ್ರ ಒಂದು ಮಾತು. ನನ್ನ ಬೆಸುಗಿ ಸರಿ ಐತಿ ಅಂತ ಅಲ್ಲಿ ಗೊತ್ತಾದ್ರ, ನೀವು ಬರೆದ ಆ ಪತ್ರ ವಾಪಸ್ ತಗೋಬೇಕು. ನಾನು ಮತ್ತ ನೋಂದಣಿ ಮಾಡಿಸ್ತೀನಿ."

"ತಪ್ಪಾಗಿದ್ದರೆ?"

"ಹಂಗಿದ್ರ ನಿಮ್ಮ ಪತ್ರ ಇದ್ದಂಗ ಇರ್ಲಿ."

ಒಪ್ಪಿದೆ. ಬೆಸುಗೆ ತಪ್ಪಿದ್ದರೆ ನನ್ನ ಪತ್ರ ಉಳಿಯುತ್ತದೆ, ಸರಿಯಿದ್ದರೆ ನನ್ನ ಹೊಸ ಸ್ಥಿತಿ ಉಳಿಯುತ್ತದೆ; ಹೇಗೂ ನಾನು ಗೆಲ್ಲುತ್ತೇನೆಂದೇ ಹೊರಟವನು.

ಸರೋವರ

ಆ ಊರು ಒಂದು ದೊಡ್ಡ ಸರೋವರದ ದಂಡೆಯಲ್ಲಿದೆ. ದಂಡೆ ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಗುತ್ತದೆಂದು ಗೊತ್ತಾಗದಷ್ಟು ಬಿಳುಪು. ಪ್ರಯೋಗಾಲಯದ ಕುಶಲಕರ್ಮಿ ಪೆಕ್ಕಾ, ಅರವತ್ತರ ಹತ್ತಿರದ ಗಟ್ಟಿ ಮನುಷ್ಯ, ಮೊದಲ ದಿನ ನಮ್ಮನ್ನು ನಡೆಸಿಕೊಂಡು ಹೋದ. ಅರ್ಧ ತಾಸು ಒಂದೂ ಮಾತಿಲ್ಲ. ನಮ್ಮ ಕಡೆ ಇಬ್ಬರು ಅರ್ಧ ತಾಸು ಮಾತಿಲ್ಲದೆ ನಡೆದರೆ ಮನೆಯಲ್ಲಿ ಪಾಲಾಗಿದೆ ಎಂದು ಅರ್ಥ.

"ನಾವೀಗ ಎಲ್ಲಿದ್ದೇವೆ?" ಎಂದು ಕೇಳಿದೆ.

"ನೀರಿನ ಮೇಲೆ" ಎಂದ.

ಅದೇ ಹೊತ್ತಿಗೆ ಕಾಲ ಕೆಳಗೆ ಗುಡುಗಿತು. ಆಕಾಶದಲ್ಲಲ್ಲ, ಕೆಳಗೆ. ಒಂದು ದಂಡೆಯಿಂದ ಇನ್ನೊಂದು ದಂಡೆಗೆ ಫಿರಂಗಿ ಉರುಳಿದಂಥ ಸದ್ದು. ನಾನು ನಾಲ್ಕು ಕಾಲಿನ ಮೇಲೆ ಬಿದ್ದೆ. ಬಿದ್ದದ್ದಲ್ಲ, ಬೇಕೆಂದೇ ಹಾಗೆ ಕೂತೆ, ಭಾರ ಹಂಚಿಹೋಗಲಿ ಎಂದು. ಪೆಕ್ಕಾ ನಗಲಿಲ್ಲ. ಹುಲಿಗೆಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಏಳ್ರಿ ಸರ್! ನಮ್ಮ ಕಾಲೇಜಿನ ಹುಡುಗ್ರು ನೋಡಿದ್ರ ಏನಂದಾರು!"

ಸರೋವರದ ಮೇಲಿನ ಹಿಮಗಡ್ಡೆ ಬಿರಿಯುವಾಗ ಹಾಗೇ ಸದ್ದು ಬರುತ್ತದಂತೆ. ಸದ್ದು ಬಂದರೆ ಹಿಮ ಗಟ್ಟಿ ಇದೆ ಎಂದರ್ಥ. ಸುಮ್ಮನಿದ್ದರೆ ಹೆದರಬೇಕು ಎಂದ ಪೆಕ್ಕಾ. ನಾನು ಇಪ್ಪತ್ತೈದು ವರ್ಷ ಮಕ್ಕಳಿಗೆ ಸ್ಥಿತಿ ಬದಲಾವಣೆ ಪಾಠ ಹೇಳಿದ್ದೇನೆ. ನೀರು ಹಿಮವಾಗುವುದನ್ನು ಹಲಗೆಯ ಮೇಲೆ ಸುಣ್ಣದಕಡ್ಡಿಯಲ್ಲಿ ಬರೆದಿದ್ದೇನೆ. ಅದರ ಮೇಲೆ ಮೊಣಕಾಲೂರಿದ್ದು ಅವತ್ತೇ ಮೊದಲು. ಅತ್ತ ಒಂದು ಡಿಗ್ರಿ, ಇತ್ತ ಒಂದು ಡಿಗ್ರಿ, ಅಷ್ಟರಲ್ಲಿ ಮುಳುಗಿಸುವ ನೀರೇ ನಮ್ಮನ್ನು ಹೊರುವ ನೆಲವಾಗಿಬಿಡುತ್ತದೆ.

ಹುಲಿಗೆಮ್ಮ ಬಿರುಕಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದಳು. "ಬ್ಯಾಸಿಗ್ಯಾಗ ಎರಿ ಹೊಲ ಬಾಯಿ ಬಿಡ್ತೈತಲ್ರಿ, ಥೇಟ್ ಹಂಗ. ನಮ್ಮ ಲ್ಯಾಬಿನ ಹಿಂದ ಅರ್ಥಿಂಗ್ ಗುಂಡಿ ಸುತ್ತ ಹಿಂಗ ಬಿರಿದಿತ್ತು. ನೆನಪೈತೇನ್ರಿ?"

"ಗುಂಡಿ ಇತ್ತು" ಎಂದೆ. "ಅದಕ್ಕೆ ನೀನು ಕುಂಕುಮ ಹಚ್ಚಿ ಪೂಜೆ ಮಾಡ್ತಿದ್ದಿ."

ಅವಳು ಎದ್ದು ಕೈ ಕೊಡವಿದಳು. ಮುಂದೆ ನಡೆದಳು. ಪೆಕ್ಕಾನ ರೋಗ ಅವಳಿಗೂ ಅಂಟಿತು ಎಂದುಕೊಂಡೆ.

ನೆಲಮಾಳಿಗೆ

ಪ್ರಯೋಗಾಲಯದ ಬಾಗಿಲಲ್ಲಿ ಎಲ್ಲರೂ ಪಾದರಕ್ಷೆ ಬಿಡುತ್ತಾರೆ. ಇದು ನಮ್ಮ ಮನೆಗಳ ರೂಢಿ. ಆದರೆ ಜಗತ್ತಿನ ಅತಿ ತಣ್ಣನೆಯ ಯಂತ್ರಗಳ ಮುಂದೆ ಪ್ರೊಫೆಸರುಗಳು ಉಣ್ಣೆಯ ಕಾಲುಚೀಲದಲ್ಲಿ ಓಡಾಡುವುದನ್ನು ನೋಡಿ ಕಣ್ಣರಳಿಸಿದೆ. ಗೋಡೆಯ ಮೇಲೆ ಒಂದು ತಾಮ್ರದ ಪಟ್ಟಿ. ಪದರವನ್ನು ಮುಟ್ಟುವ ಮೊದಲು ಪ್ರತಿಯೊಬ್ಬರೂ ಅದರ ಮೇಲೆ ಅಂಗೈ ಇಡಬೇಕು. ಮೈಯಲ್ಲಿರುವ ಕಿಡಿ ನೆಲಕ್ಕೆ ಇಳಿದುಹೋಗಲಿ ಎಂದು. ತಾಮ್ರದ ಪಟ್ಟಿಗೆ ಒಣಹುಲ್ಲಿನಿಂದ ಮಾಡಿದ, ಕೆಂಪು ದಾರ ಸುತ್ತಿದ ಪುಟ್ಟ ಹೋತವನ್ನು ಕಟ್ಟಿದ್ದರು.

"ಇದೇನು?" ಎಂದು ಐನೋಳನ್ನು ಕೇಳಿದೆ.

"ಕ್ರಿಸ್‌ಮಸ್‌ಗೆ ಪೆಕ್ಕಾ ಕಟ್ಟಿದ್ದು."

"ಪ್ರಯೋಗಾಲಯದಲ್ಲಿ?"

"ಅಳತೆಗೆ ಅಡ್ಡ ಬರುವುದಿಲ್ಲವಲ್ಲ" ಎಂದಳು ಆಕೆ, ನಾನು ಯಾಕೆ ಕೇಳಿದೆನೆಂದೇ ತಿಳಿಯದವಳಂತೆ.

ಮೊದಲ ಅಳತೆ ನಡೆಯಿತು. ಪದರ ಯಂತ್ರದೊಳಗೆ ಇಳಿಯಿತು. ಅವಳ ನಾಲ್ಕು ಬೆಸುಗೆಯಲ್ಲಿ ಒಂದೂ ಕಳಚಿರಲಿಲ್ಲ. ಪರದೆಯ ಮೇಲೆ ಗೆರೆ ಇಳಿಯುತ್ತ ಬಂತು. ಇಳಿದು, ಬಾಗಿ, ಮಟ್ಟಸವಾಗಿ ನಿಂತಿತು. ಹನ್ನೊಂದು ವರ್ಷದ ಹಿಂದಿನ ಅದೇ ಗೆರೆ!

"ನೋಡಿದಿ!" ಎಂದು ಕೂಗಿದೆ. ನೆಲಮಾಳಿಗೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆ ದೇಶದಲ್ಲಿ ಯಾರೂ ಕೂಗುವುದಿಲ್ಲ.

ಹುಲಿಗೆಮ್ಮ ಪರದೆ ನೋಡುತ್ತಿರಲಿಲ್ಲ. ಪೆಕ್ಕಾನ ಕೈ ನೋಡುತ್ತಿದ್ದಳು. ಅವನ ಕೈಯಲ್ಲಿ ಹಿತ್ತಾಳೆಯ ನಾಲ್ಕು ಕೊಳವೆಗಳಿದ್ದವು.

"ಇವು ಶೋಧಕಗಳು, ಅಂದರೆ ಫಿಲ್ಟರುಗಳು. ಇನ್ನೂ ಜೋಡಿಸಿರಲಿಲ್ಲ" ಎಂದಳು ಐನೋ. "ಹೊರಗಿನ ಗದ್ದಲ, ಅಂದರೆ ಮೋಟರು, ಫೋನು, ದೀಪ, ಇವುಗಳ ಕಂಪನ ತಂತಿಯಲ್ಲಿ ಪದರದವರೆಗೆ ಹೋಗುತ್ತಿತ್ತು. ಈಗ ತಡೆಯೋಣ."

ಪೆಕ್ಕಾ ತಾಮ್ರ ಮುಟ್ಟಿ, ಒಂದೊಂದೇ ಕೊಳವೆ ತಿರುಗಿಸಿ ಕೂರಿಸಿದ. ಮತ್ತೆ ತಣ್ಣಗೆ ಮಾಡಿದರು. ಗೆರೆ ಇಳಿಯಿತು. ಬಾಗಬೇಕಾದ ಜಾಗಕ್ಕೆ ಬಂತು.

ಬಾಗಲಿಲ್ಲ. ಬಾವಿಗೆ ಕಲ್ಲು ಬಿದ್ದಂತೆ ನೇರ ಇಳಿದು ಸೊನ್ನೆಯಲ್ಲಿ ಮಲಗಿತು.

ನನ್ನ ವಿಚಿತ್ರ ಲೋಹ, ನನ್ನ ಹೊಸ ಸ್ಥಿತಿ, ನಾಲ್ಕು ಹಿತ್ತಾಳೆ ಕೊಳವೆಗೆ ಸತ್ತುಹೋಯಿತು. ಈಗ ತಾನೇ ಕಣ್ಣು ಮುಚ್ಚುತ್ತಿರುವ ಕೂಸನ್ನು ಯಾರೋ ಮತ್ತೆ ಮತ್ತೆ ಅಲುಗಿಸುತ್ತಿದ್ದರೆ ಹೇಗೋ ಹಾಗೆ, ಹೊರಗಿನ ಗದ್ದಲ ಪದರವನ್ನು ಮಲಗಗೊಟ್ಟಿರಲಿಲ್ಲ. ಸುಳಿಗಳು ಜೋಡಿಯಾಗದೆ ಅಲೆಯುತ್ತಿದ್ದವು. ನಾನು ಆ ಚಡಪಡಿಕೆಗೆ ಹೆಸರಿಟ್ಟು ಅಚ್ಚು ಹಾಕಿಸಿದ್ದೆ.

"ಬೆಸುಗೆ?" ಎಂದು ಹುಲಿಗೆಮ್ಮ ಕೇಳಿದಳು. ಅದೊಂದೇ ಮಾತು.

"ಇಷ್ಟು ಒಳ್ಳೆಯ ಬೆಸುಗೆ ನಾನು ಹಾಕಲಾರೆ" ಎಂದ ಪೆಕ್ಕಾ. ಆ ವಾರ ಅವನಾಡಿದ ಅತಿ ಉದ್ದದ ವಾಕ್ಯ.

ಅದೇ ದಿನ, ಮಧ್ಯಾಹ್ನದ ಕತ್ತಲು

ಅಲ್ಲಿ ಮೂರು ಗಂಟೆಗೇ ಸೂರ್ಯ ಮುಳುಗುತ್ತಾನೆ. ಊಟದ ಕೋಣೆಯಲ್ಲಿ ನಾವಿಬ್ಬರೇ ಕೂತಿದ್ದೆವು. ಎದುರಿಗೆ ಮೀನಿನ ಸಾರು ಬಂದಿತ್ತು. ನಾನು ಮುಟ್ಟುವವನಲ್ಲ, ಅವಳು ಮುಟ್ಟಲಿಲ್ಲ.

"ಒಂದು ಮಾತ್ರ ಅರ್ಥ ಆಗವಲ್ದು" ಎಂದೆ. "ಶೋಧಕ ನಮ್ಮ ಹತ್ತಿರವೂ ಇರಲಿಲ್ಲ, ನಿಜ. ಆದರೆ ಮೊದಲ ಮೂರು ವಾರ ನಮ್ಮ ಗೆರೆಯೂ ಸೊನ್ನೆಗೆ ಹೋಗ್ತಿತ್ತು. ತಂತಿ ಒಂದಕ್ಕೊಂದು ತಾಗೇತಿ ಅಂತ ನಾನೇ ಆ ಅಳತೆ ಬಿಟ್ಟೆ. ಗದ್ದಲ ನಡುವೆ ಎಲ್ಲಿಂದ ಬಂತು? ನೀನು ಅಕ್ಕನ ಮದುವೆಗೆ ಅಂತ ಅವಸರ ಮಾಡಿದ ಹೊತ್ತಿಗೇ..."

"ಯಾರ ಅಕ್ಕರಿ?"

"ನಿಮ್ಮಕ್ಕ. ಸಿರುಗುಪ್ಪದ ಬಸ್ಸು ಹತ್ತಿಸಿದೆ ನಾನು."

ಅವಳು ಸಾರಿನ ಬಟ್ಟಲು ಪಕ್ಕಕ್ಕೆ ಸರಿಸಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ನನಗ ಅಕ್ಕ ತಂಗಿ ಯಾರೂ ಇಲ್ರಿ ಸರ್. ಇಬ್ಬರು ತಮ್ಮಂದಿರು. ಇಬ್ಬರದೂ ಲಗ್ನ ಆಗಿಲ್ಲ."

ಬಸ್ಸು ಇತ್ತು. ಕಿಟಕಿ ಇತ್ತು. ಮಲ್ಲಿಗೆ ಇತ್ತು. ಇವತ್ತಿಗೂ ಕಣ್ಣು ಮುಚ್ಚಿದರೆ ಕಾಣುತ್ತದೆ. ಅದು ಯಾರ ಮಲ್ಲಿಗೆ, ಯಾವ ಬಸ್ಸು, ಗೊತ್ತಿಲ್ಲ. ದೇವರನ್ನು ನಂಬದವನು, ಜಾತಕ ನಂಬದವನು, ಪಂಚಾಂಗ ಹರಿದು ಹಾಕಿದವನು ನಾನು. ನನ್ನ ತಲೆಯೊಳಗಿನದನ್ನು ಮಾತ್ರ ಪರೀಕ್ಷೆ ಮಾಡದೆ ನಂಬಿದ್ದೆ. ನಂಬಿ ಪತ್ರ ಬರೆದಿದ್ದೆ.

ಹುಲಿಗೆಮ್ಮ ಚೀಲದಿಂದ ರಟ್ಟಿನ ಹೊದಿಕೆಯ ಪುಸ್ತಕ ತೆಗೆದಳು. ನಮ್ಮ ಪ್ರಯೋಗಾಲಯದ ದಿನಚರಿ. ಇಷ್ಟು ವರ್ಷ ಅದೂ ಅವಳ ಹತ್ತಿರವೇ ಇತ್ತು.

ಪ್ರತಿ ದಿನದ ಪುಟದ ಮೊದಲ ಸಾಲು ಅವಳ ಕೈಬರಹದಲ್ಲಿ: "ಗುಂಡಿಗೆ ನೀರು ಹಾಕಿದೆ, ಎರಡು ಕೊಡ." ಪಕ್ಕದಲ್ಲಿ ವೇಳೆ. ಮೂರು ವಾರ ಹೀಗೇ. ಒಂದು ಪುಟದ ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಬೇರೆ ಕೈಬರಹ: "ನಾಳೆಯಿಂದ ಇದು ಬೇಡ. ಇದು ಪ್ರಯೋಗಾಲಯ, ಗುಡಿ ಅಲ್ಲ." ಕೆಳಗೆ ಸಹಿ.

ಸಹಿ ನನ್ನದು. ಮರುದಿನದಿಂದ ನೀರಿನ ಸಾಲಿಲ್ಲ. ನಾಲ್ಕನೆಯ ದಿನ ಗೆರೆ ಮಟ್ಟಸ.

ಇದನ್ನು ಓದುವವರಲ್ಲಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅರ್ಥಿಂಗ್ ಗುಂಡಿಯಲ್ಲಿ ಉಪ್ಪು, ಇದ್ದಿಲು ತುಂಬಿ ಒಂದು ಪೈಪು ಹೂತಿರುತ್ತಾರೆ. ಬೇಡದ ವಿದ್ಯುತ್ತು ಅದರ ಮೂಲಕ ನೆಲಕ್ಕೆ ಇಳಿಯಬೇಕು. ನೆಲ ಒದ್ದೆ ಇದ್ದರೆ ಮಾತ್ರ ಇಳಿಯುತ್ತದೆ. ನಮ್ಮ ಎರೆಮಣ್ಣು ಒಣಗಿ ಬಿರಿದರೆ ಪೈಪು ಗಾಳಿಯಲ್ಲಿ ನಿಂತಂತೆ. ಕಂಪ್ರೆಸರಿನ ಗದ್ದಲಕ್ಕೆ ಹೋಗಲು ಬೇರೆ ದಾರಿ ಇಲ್ಲ; ಅಳತೆಯ ತಂತಿಗೇ ಬರುತ್ತದೆ. ಬಳ್ಳಾರಿಯ ಯಾವ ಮೋಟರು ಮೆಕ್ಯಾನಿಕ್ಕನಿಗೂ ಇದು ಗೊತ್ತು. ನನಗೂ ಪುಸ್ತಕದಲ್ಲಿ ಗೊತ್ತಿತ್ತು.

"ನೀನು ಕುಂಕುಮ ಯಾಕ ಹಚ್ಚಿದಿ? ಅದನ್ನ ನೋಡಿ ನಾನು..." ಎಂದು ತೊದಲಿದೆ.

"ಕೂಲಿಯವರು ನೀರು ಹಾಕಾಕ ಮರೀತಾರಂತ ನಮ್ಮಪ್ಪ ಎಲ್ಲಾ ಪಂಪ್‌ಸೆಟ್ಟಿನ ಪೈಪಿಗೂ ಕುಂಕುಮ ಹಚ್ಚತಾನ್ರಿ. ಕುಂಕುಮ ಇದ್ದಲ್ಲಿ ಯಾರೂ ಚಪ್ಪಲಿ ಇಡಂಗಿಲ್ಲ, ನೀರು ತಪ್ಪಸಂಗಿಲ್ಲ. ಅವತ್ತ ನಿಮಗ ಹೇಳಿದೆ. ನೀವು ಕುಂಕುಮದ ಮ್ಯಾಲ ಒಂದು ತಾಸು ಭಾಷಣ ಮಾಡಿದ್ರಿ. ನೀರಿನ ಮಾತು ಬರಲೇ ಇಲ್ಲ."

"ಮತ್ತೆ ಹೇಳಬೇಕಿತ್ತು."

"ಹೇಳಿದೆ. ಪತ್ರ ಬರೆದ ಮ್ಯಾಲೂ ಹೇಳಾಕ ಬಂದೆ. ಗಾಂಧಿನಗರದ ನಿಮ್ಮ ಮನಿ ಗೇಟಿನಾಗ ನಿಂತಿದ್ದೆ, ಈ ಪುಸ್ತಕ ಹಿಡಕೊಂಡು. ನೀವು ಒಳಗ ಕರೀಲಿಲ್ಲ."

ಅದೂ ನನಗೆ ನೆನಪಿಲ್ಲ. ಎಷ್ಟು ಹುಡುಕಿದರೂ ಗೇಟಿನಲ್ಲಿ ಯಾರೂ ಇಲ್ಲ.

ಅವತ್ತೇ ಐನೋಳ ಕೋಣೆಯಲ್ಲಿ ಕೂತು ಪತ್ರ ಬರೆದೆ. ಬೆಸುಗೆಯಲ್ಲಿ ದೋಷವಿರಲಿಲ್ಲ, ಗುಂಡಿಗೆ ನೀರು ನಿಲ್ಲಿಸಿದವನು ನಾನು, ಲೇಖನದ ತೀರ್ಮಾನ ತಪ್ಪು. ಐನೋ ಅಳತೆಯ ಎರಡೂ ಗೆರೆ ಜೋಡಿಸಿ ಸಹಿ ಹಾಕಿದಳು. ಹುಲಿಗೆಮ್ಮ ಎರಡು ಸಲ ಓದಿದಳು.

"ದಿನಚರಿ ಪುಟದ ಫೋಟೋನೂ ಹಚ್ರಿ" ಎಂದಳು. "ನಿಮ್ಮ ನೆನಪಿನ ಮ್ಯಾಲ ಬರೆದದ್ದು ಅಂತ ಯಾರೂ ಅನಬಾರದು."

ಕುರುಗೋಡು

ವಾಪಸು ಬಂದ ಮೇಲೆ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯದ ಉತ್ತರ ಬಂತು. ಹುಲಿಗೆಮ್ಮ ಮತ್ತೆ ನೋಂದಣಿ ಮಾಡಿಸಬಹುದು. ಫೋನು ಮಾಡಬಹುದಿತ್ತು. ಬಸ್ಸು ಹತ್ತಿ ಕುರುಗೋಡಿಗೆ ಹೋದೆ. ಬಂಡೆಗುಡ್ಡಗಳು ಕಾದು ಕೆಂಡವಾಗಿದ್ದವು. ಆ ಸರೋವರ ಇದೇ ಭೂಮಿಯ ಮೇಲಿದೆ ಎಂದರೆ ನಂಬುವುದು ಕಷ್ಟ.

ಅವಳು ಕಾಲೇಜಿನ ಹಿಂದೆ, ಪ್ರಯೋಗಶಾಲೆಯ ಗೋಡೆಯ ನೆರಳಿನಲ್ಲಿದ್ದಳು. ಪತ್ರ ಓದಿ ಮಡಿಚಿ ಪರ್ಸಿನಲ್ಲಿಟ್ಟಳು. ಮುಖದಲ್ಲಿ ಏನೂ ತೋರಿಸಲಿಲ್ಲ. ಪರ್ಸಿನ ಜಿಪ್ಪು ಎಳೆಯಲು ಮಾತ್ರ ಮೂರು ಸಲ ಬೇಕಾಯಿತು. ಆ ಸ್ಥಿರವಾದ ಕೈಗೆ.

"ಮಾರ್ಗದರ್ಶಕರು ಯಾರು ಅಂತ ಬರೀತಿ?" ಎಂದೆ.

"ನೀವಂತೂ ಬ್ಯಾಡ್ರಿ ಸರ್" ಎಂದು ನಕ್ಕಳು. "ಐನೋ ಮೇಡಂ ಒಪ್ಪ್ಯಾರ. ಇಲ್ಲಿ ಯಾರನ್ನರ ಹುಡುಕ್ತೀನಿ."

ನಾನು ತಲೆಯಾಡಿಸಿದೆ. ಅದು ನ್ಯಾಯವೇ.

ಅವಳ ಕಾಲ ಬಳಿ ತುಂಬಿದ ಎರಡು ಕೊಡ ಇದ್ದವು. ಎದುರಿಗೆ ಗುಂಡಿ, ಗುಂಡಿಯ ಪೈಪಿಗೆ ಕುಂಕುಮ. ಸುತ್ತ ನೆಲ ಬಾಯಿಬಿಟ್ಟಿತ್ತು.

"ಬಂದೀರಲ್ಲ, ಹಾಕ್ರಿ" ಎಂದಳು.

ಚಪ್ಪಲಿ ಬಿಟ್ಟೆ. ಯಾಕೆ ಬಿಟ್ಟೆನೋ ಗೊತ್ತಿಲ್ಲ. ಆ ನೆಲಮಾಳಿಗೆಯ ರೂಢಿ ಇರಬೇಕು. ಎರಡೂ ಕೊಡ ಸುರಿದೆ. ನೆಲ ಗಟಗಟ ಕುಡಿಯಿತು. ಅವಳು ಕಿಟಕಿಯಲ್ಲಿಟ್ಟಿದ್ದ ಆ ಪ್ರಯೋಗಶಾಲೆಯ ದಿನಚರಿಯನ್ನೂ ಪೆನ್ನನ್ನೂ ನನ್ನ ಮುಂದೆ ಹಿಡಿದಳು. "ಗುಂಡಿಗೆ ನೀರು ಹಾಕಿದೆ, ಎರಡು ಕೊಡ" ಎಂದು ಬರೆದೆ. ವೇಳೆ ಬರೆದೆ. ಸಹಿ ಹಾಕಿದೆ.

ಪುಸ್ತಕ ಹಿಂದಕ್ಕೆ ಕೊಡಲು ಹೋದವನು ತಡೆದು, "ನೀವೂ ಒಂದು ಸಹಿ ಹಾಕ್ರಿ ಹುಲಿಗೆಮ್ಮ" ಎಂದೆ. "ನಾನೇ ಹಾಕಿದೆ ಅನ್ನೋದಕ್ಕ ಸಾಕ್ಷಿ."